ಗಿಣ್ಣ ತಿಂದ ಹನ್ನೊಂದು ಮಂದಿ

ಬುಧವಾರ, ೪ ಆಗಸ್ಟ್ ೧೯೩೭

ಮೊದಲು ಒಂದು ತಿದ್ದುಪಡಿ. ಕಳೆದ ಶನಿವಾರದ ಬರಹದಲ್ಲಿ, ಹುಚ್ಚುನಾಯಿ ಕಡಿದ ಆಕಳ ಹಾಲನ್ನು ನಮ್ಮ ವಾಡೆಯ ಬಿಡಾರಗಳ ಹನ್ನೊಂದು ಮಂದಿ ಕುಡಿದರೆಂದು ಬರೆದಿದ್ದೇನೆ. ಅದು ತಪ್ಪು. ನಮ್ಮಲ್ಲಿ ಯಾರೂ ಹಾಲು ಕುಡಿಯಲಿಲ್ಲ, ಗಿಣ್ಣ ತಿಂದೆವು. ಹಿತ್ತಲಲ್ಲಿ ಆಕಳು ಕಟ್ಟಿಕೊಂಡಿರುವ ವಿಧವೆ ಕಲ್ಲವ್ವ, ಅದು ಈದ ಮೇಲೆ ಪದ್ಧತಿಯಂತೆ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ, ಹಬೆಯಲ್ಲಿ ಬೇಯಿಸಿ, ಮನೆಮನೆಗೆ ಹಂಚಿದಳು. ಮುಂದಿನ ವಾರವೇ ಆ ಆಕಳು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಕಂಬಕ್ಕೆ ಹಾಯ್ದು ಹಾಯ್ದು ಸತ್ತಿತು. ದನದ ಡಾಕ್ಟರರು ಬಂದು ನೋಡಿ, ಹುಚ್ಚು ಎಂದರು. ಹಿಂದಿನ ತಿಂಗಳು ಅದನ್ನು ನಾಯಿಯೊಂದು ಕಡಿದದ್ದು ಆಗ ಎಲ್ಲರಿಗೂ ನೆನಪಾಯಿತು.

ಹಾಲಿಗೂ ಗಿಣ್ಣಕ್ಕೂ ಇರುವ ಭೇದವನ್ನು ಅಲಕ್ಷಿಸುವುದು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಭೂಷಣವಲ್ಲ. ದವಾಖಾನೆಯಲ್ಲಿಯೂ ‘ಹಾಲು’ ಎಂದೇ ಹೇಳಿಬಿಟ್ಟೆ. ಅಲ್ಲಿ ಜನಸಂದಣಿಯಿತ್ತು, ತಿದ್ದಲು ಹೋಗಲಿಲ್ಲ.

ಹದಿನಾಲ್ಕು ದಿನ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಬೇಕು. ಹೇಳುವವರು ಕೇಳುವವರು ಇಲ್ಲದಿದ್ದರೆ ಈ ಜನ ನಾಲ್ಕು ದಿನ ಹೋಗಿ ಐದನೆಯ ದಿನ ಮನೆಯಲ್ಲಿ ಕೂತುಬಿಡುತ್ತಾರೆ. ಆದುದರಿಂದ ಹೊಣೆಯನ್ನು ನಾನೇ ಹೊತ್ತಿದ್ದೇನೆ. ಬೆಳಿಗ್ಗೆ ಎಲ್ಲರನ್ನೂ ವಾಡೆಯ ನಡುವಿನ ಚೌಕದಲ್ಲಿ ನಿಲ್ಲಿಸಿ, ಹೆಸರು ಕೂಗಿ, ಸಾಲಾಗಿ ಕರೆದುಕೊಂಡು ಹೋಗುತ್ತೇನೆ. ಈರಣ್ಣ ಮಾತ್ರ ಅಡತಿ ಅಂಗಡಿಯ ಬಾಗಿಲು ತೆರೆಯಬೇಕಾದ ಗುಮಾಸ್ತನಾದ್ದರಿಂದ ನಸುಕಿನಲ್ಲಿಯೇ ಹೋಗಿ ಮುಗಿಸಿಕೊಳ್ಳುತ್ತಾನೆ. ಅವನು ಇಂಡಿ ಊರಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಇಂದಿಗೂ ನನ್ನೆದುರಿಗೆ ಕೂಡುವುದಿಲ್ಲ.

ಅವನ ಹೆಂಡತಿಗೆ ಆ ಗುಣವಿಲ್ಲ. ಇಂದು ಹೆಸರು ಕೂಗುವಾಗ, “ಗೈರಹಾಜರಾದ್ರ ಛಡಿ ಏಟು ಅವನ್ರಿ, ಮಾಸ್ತರ?” ಎಂದಳು. ಉಳಿದವರು ನಕ್ಕರು. ನನ್ನ ಹೆಂಡತಿ ಗೌರಾಬಾಯಿಯೂ ನಕ್ಕಳು.

“ಹೊಟ್ಟಿಗೆ ದಿನಾ ಬೀಳಾಕತ್ತಾವಲ್ಲವಾ, ಇನ್ನ ಛಡಿ ಯಾಕ?” ಎಂದಳು ಕಲ್ಲವ್ವ.

ಬರೆದು ಮುಗಿಸಿದ್ದು: ತಾ. ೪-೮-೧೯೩೭, ಸಾಯಂಕಾಲ ೭ ಗಂಟೆ ೧೫ ಮಿನಿಟು.

ಬುಧವಾರ, ೧೧ ಆಗಸ್ಟ್

ನಾಗರಪಂಚಮಿ. ಹಬ್ಬದ ದಿನವೊಂದು ಬಿಡೋಣವೆಂದು ಹೆಂಗಸರೆಲ್ಲ ಕೇಳಿದರು. ನಾನು ಒಪ್ಪಲಿಲ್ಲ. ಸಾಲು ಹೊರಟಿತು. ತಿರುವಿನಲ್ಲಿ ಲೆಕ್ಕ ಹಾಕಿದರೆ ಒಬ್ಬರು ಕಡಿಮೆ. ಹಿಂದಿರುಗಿ ನೋಡಿದೆ. ಈರಣ್ಣನ ಹೆಂಡತಿ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಎರಡೂ ಕಾಲಿಗೆ ಜೋಮು ಹಿಡಿದಂತೆ ಆಗಿದೆಯೆಂದೂ, ಇವತ್ತಿನ ಸೂಜಿ ಬೇಡವೆಂದೂ ಹೇಳಿದಳು. ಪರೀಕ್ಷೆಯ ದಿನ ಹೊಟ್ಟೆನೋವು ಬರುವ ಮಕ್ಕಳನ್ನು ನಾನು ಒಂದು ತಲೆಮಾರು ನೋಡಿದ್ದೇನೆ. ಹಿಡಿದದ್ದನ್ನು ಮುಗಿಸಬೇಕೆಂದು ತಿಳಿಯಹೇಳಿ ಮುಂದೆ ನಡೆಸಿದೆ. ನಡೆದಳು. ಆದ್ದರಿಂದ ನಡೆಯಲು ಬರುತ್ತಿತ್ತೆಂದು ಸಿದ್ಧವಾಯಿತು.

ಬರೆದು ಮುಗಿಸಿದ್ದು: ತಾ. ೧೧-೮-೧೯೩೭, ಮಧ್ಯಾಹ್ನ ೩ ಗಂಟೆ ೪೦ ಮಿನಿಟು.

ಶನಿವಾರ, ೧೪ ಆಗಸ್ಟ್

ಮುಗಿಯಿತು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಒಂದು ದಿನವೂ ತಪ್ಪಿಸಲಿಲ್ಲ. ದವಾಖಾನೆಯ ಕಂಪೌಂಡರನು, ಇಂಥ ಶಿಸ್ತನ್ನು ಪಲಟಣಿನ ಸಿಪಾಯಿಗಳಲ್ಲಿ ಮಾತ್ರ ಕಂಡಿದ್ದೆನೆಂದು ಹೇಳಿದನು. ಮನೆಗೆ ಬಂದು ಗೌರಾಬಾಯಿಗೆ ಶಿರಾ ಮಾಡಲು ಹೇಳಿದೆ.

ಬರೆದು ಮುಗಿಸಿದ್ದು: ತಾ. ೧೪-೮-೧೯೩೭, ಬೆಳಿಗ್ಗೆ ೧೧ ಗಂಟೆ ೫ ಮಿನಿಟು.

ಮಂಗಳವಾರ, ೧೭ ಆಗಸ್ಟ್

ಈರಣ್ಣನ ಹೆಂಡತಿ ನಿನ್ನೆ ಮುಂಜಾನೆ ಹಾಸಿಗೆಯಿಂದ ಏಳಲಿಲ್ಲ. ಸೊಂಟದಿಂದ ಕೆಳಗೆ ಚಲನೆಯಿಲ್ಲ. ಕಾಲನ್ನು ಚಿವುಟಿದರೆ ತಿಳಿಯದು. ಮೂತ್ರವೂ ಕಟ್ಟಿದೆ. ನಾಲ್ಕು ಮಂದಿ ಅವಳನ್ನು ಬಾಗಿಲಿನ ಹಲಗೆಯ ಮೇಲೆ ಹೊತ್ತು ದವಾಖಾನೆಗೆ ಸಾಗಿಸಿದರು. ಗಿಣ್ಣದ ವಿಷವೇ ಏರಿತೆಂದು ವಾಡೆಯಲ್ಲಿ ಎಲ್ಲರ ಮುಖ ಕಪ್ಪಿಟ್ಟಿದೆ. ಕಲ್ಲವ್ವ ಎದೆ ಬಡಿದುಕೊಂಡು ಅತ್ತಳು.

ವಿಷವೇ ಇರಬೇಕು. ಸೂಜಿಯನ್ನಂತೂ ಪೂರ್ಣ ಕೊಡಿಸಿದ್ದೇನೆ.

ಬರೆದು ಮುಗಿಸಿದ್ದು: ತಾ. ೧೭-೮-೧೯೩೭, ಸಾಯಂಕಾಲ ೬ ಗಂಟೆ ೩೦ ಮಿನಿಟು.

ಶುಕ್ರವಾರ, ೨೦ ಆಗಸ್ಟ್

ಗೌರಾಬಾಯಿ, ಕಲ್ಲವ್ವ ಇವರೊಡನೆ ದವಾಖಾನೆಗೆ ಹೋಗಿದ್ದೆ. ಅಲ್ಲಿ ಈರಣ್ಣನ ಹೆಂಡತಿಯನ್ನು ನೋಡುತ್ತಿರುವವರು ಡಾಕ್ಟರ ಅವಧೂತ ಎಂಬವರು. ಸೋಲಾಪುರದವರು, ಇನ್ನೂ ತರುಣರು, ಇಂಥ ರೋಗಿಗಳನ್ನೇ ಹುಡುಕಿ ಅಭ್ಯಾಸ ಮಾಡುತ್ತಿರುವವರು. ಕನ್ನಡವನ್ನು ಮರಾಠಿಯಂತೆ ಮಾತನಾಡುತ್ತಾರೆ. ಎರಡು ಮೂರು ಕಡೆ ತಿದ್ದಬೇಕೆನಿಸಿತು, ಬಾಯಿ ಬರಲಿಲ್ಲ.

“ಇದು ನಾಯಿ ವಿಷ ಅಲ್ರಿ, ಮಾಸ್ತರ,” ಎಂದರು. “ಇದು ಸೂಜಿದ್ದು.”

ನನಗೆ ಅರ್ಥವಾಗಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತು ಮಕ್ಕಳಿಗೆ ಹೇಳುವಂತೆ ಹೇಳಿದರು. ಆ ಔಷಧವನ್ನು ಕುರಿಯ ಮಿದುಳಿನಿಂದ ಮಾಡುತ್ತಾರೆ. ಬೇರೊಂದು ಪ್ರಾಣಿಯ ಮಿದುಳು ದಿನವೂ ಒಳಗೆ ಬರುವುದನ್ನು ಕಂಡು ಶರೀರ ಅದರ ವಿರುದ್ಧ ಏಳುತ್ತದೆ. ಸಾವಿರಾರು ಜನರಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಎಲ್ಲೋ ಒಬ್ಬರಲ್ಲಿ ಆ ಸಿಟ್ಟು ಇಳಿಯದೆ, ತನ್ನದೇ ಬೆನ್ನುಹುರಿಯನ್ನು, ನರಗಳ ಮೇಲಿನ ಹೊದಿಕೆಯನ್ನು, ಕುರಿಯದೆಂದೇ ತಿಳಿದು ತಿನ್ನತೊಡಗುತ್ತದೆ.

“ಹಿಂಗಂತ ನನಗ ಅನಸ್ತದ. ಪೂರಾ ಯಾರಿಗೂ ತಿಳಿದಿಲ್ಲ. ಅಮೇರಿಕಾದಾಗ ಮಂಗ್ಯಾಗೋಳಿಗೆ ಮೊಲದ ಮಿದುಳಿನ ರಸ ಚುಚ್ಚಿ ನೋಡ್ಯಾರ. ಅವೂ ಹಿಂಗ ಕಾಲು ಬಿಟ್ಟು ಕೂತಾವ. ಸೂಜೀನ ಕಾಣದ ಮಂದಿಗೂ ಒಮ್ಮೆ ಕಣ್ಣು, ಒಮ್ಮೆ ಕಾಲು ಹೋಗಿ ಬರೋ ರೋಗ ಅವ. ಅವೂ ಇದರ ಅಣ್ಣತಮ್ಮ ಇರಬೇಕು. ಇದು ತಿಳೀತಂದ್ರ ಅದೂ ತಿಳೀತದ.”

ಕಲ್ಲವ್ವ ಅಷ್ಟು ಹೊತ್ತು ಸುಮ್ಮನಿದ್ದವಳು, “ಕುರಿ ಮಿದುಳೇನ್ರಿ?” ಎಂದಳು. ಕೊರಳಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು. “ಮಾಸ್ತರ, ಸಾಲು ಹಚ್ಚಿ ನಿಲ್ಲಿಸಿ ನಮ್ಮ ಹೊಟ್ಯಾಗ ಕುರಿ ಹಾಕಿಸಿದ್ರೇನು?”

ಡಾಕ್ಟರರು ನಗು ತಡೆದುಕೊಂಡು, ಹಾಲು ಕುಡಿದದ್ದು ಎಷ್ಟು ಮಂದಿ ಎಂದು ಕೇಳಿದರು. ಹಾಲಲ್ಲ, ಗಿಣ್ಣ ಎಂದೆ.

“ನಮ್ಮ ಮರಾಠಿ ಖರವಸ? ಹಬೀ ಒಳಗ ಬೇಯಿಸಿದ್ದು?” ಅವರ ನಗು ಹೋಯಿತು. “ಬೆಂದದ್ದರಾಗ ಆ ವಿಷ ಉಳಿಯೂದಿಲ್ರಿ. ಅದಕ್ಕ ಸೂಜೀನ ಬೇಕಾಗಿರಲಿಲ್ಲ. ಹಾಲು ಅಂತ ಬರೆಸಿದವರು ಯಾರು?”

ಗೌರಾಬಾಯಿ ನನ್ನನ್ನು ನೋಡಲಿಲ್ಲ. ನೆಲವನ್ನು ನೋಡಿದಳು.

ಕೊನೆಗೆ ಅವರು ಇನ್ನೊಂದನ್ನು ಕೇಳಿದರು. ಮೊದಲ ಜೋಮು ಯಾವ ದಿನ ಬಂತು, ಆಮೇಲೆ ಎಷ್ಟು ಸೂಜಿಯಾದವು? ಜೋಮು ಬಂದ ಕೂಡಲೇ ನಿಲ್ಲಿಸಿದರೆ ಕಾಲು ಉಳಿಯಬಹುದೇ ಎಂಬುದನ್ನು ತಿಳಿಯಬೇಕಾಗಿದೆ. ಇಂದು ಸೂಜಿಯ ಸಾಲಿನಲ್ಲಿ ನಿಂತವರಿಗೂ ಅದು ಬೇಕಾದ ಮಾತು. ಈರಣ್ಣನ ಹೆಂಡತಿ ಜ್ವರದಲ್ಲಿ ಕಣ್ಣು ಮುಚ್ಚಿದ್ದಳು. ಉತ್ತರ ಹೇಳುವವರು ಯಾರೂ ಇರಲಿಲ್ಲ.

ನಾನು ಇದ್ದೆ.

ಬರೆದು ಮುಗಿಸಿದ್ದು: ತಾ. ೨೦-೮-೧೯೩೭, ರಾತ್ರಿ ೮ ಗಂಟೆ.

ಸೋಮವಾರ, ೨೩ ಆಗಸ್ಟ್

ಈರಣ್ಣ ಬಂದಿದ್ದನು. ಹೊಸ್ತಿಲಿನ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತನು.

“ಮಾಸ್ತರ, ಒಂದ ಮಾತು ಕೇಳೂದದ. ಸಿಟ್ಟಾಗಬ್ಯಾಡ್ರಿ. ಅಕಿಗೆ ಜ್ವರ ಇಳದದ. ಅಕಿ ಅಂತಾಳ, ಕಾಲಿಗೆ ಜೋಮು ಬಂದದ ಅಂತ ಹಾದ್ಯಾಗ ನಿಮಗ ಹೇಳಿದ್ಲಂತ. ನೀವ ನೆಪ ಅಂತ ಮುಂದ ನಡಸಿದ್ರಂತ. ಖರೇ ಏನ್ರಿ?”

ಜೋಮಿನ ಮಾತು ಯಾವ ಹೊತ್ತಿನಲ್ಲಿ, ಯಾವ ಶಬ್ದಗಳಲ್ಲಿ ಬಂದಿತೆಂಬುದನ್ನು ಖಚಿತವಾಗಿ ಹೇಳಲಾಗದೆ ಇರುವಾಗ ಹೌದೆನ್ನುವುದು ಸರಿಯಲ್ಲ. ಆದುದರಿಂದ, “ನನಗೆ ಹಾಗೆ ನೆನಪಿಲ್ಲ, ಈರಣ್ಣ,” ಎಂದೆ. ಇದನ್ನು ಸುಳ್ಳು ಎನ್ನಲಾಗದು. ಇಲ್ಲವೆಂದು ನಾನು ಹೇಳಲಿಲ್ಲ, ನೆನಪಿಲ್ಲವೆಂದೆ.

ಅವನ ಮುಖದ ಬಿಗಿ ಇಳಿದುಹೋಯಿತು. “ನಾನೂ ಅದನ್ನ ಅಂದೆ. ಮಾಸ್ತರ ಮರೆಯೂದಿಲ್ಲ. ಕಳದ ವರ್ಷದ ಮಳೀ ಯಾವ ದಿನ ಬಂತು ಅಂತ ಕೇಳಿದ್ರೂ ಹೇಳ್ತಾರ ಅಂದೆ,” ಎಂದು ಕೈಮುಗಿದು ಹೋದನು.

ಬರೆದು ಮುಗಿಸಿದ್ದು: ತಾ. ೨೩-೮-೧೯೩೭, ಬೆಳಿಗ್ಗೆ ೯ ಗಂಟೆ ೫೨ ಮಿನಿಟು.

ಗುರುವಾರ, ೨೬ ಆಗಸ್ಟ್

ಊಟಕ್ಕೆ ಬಡಿಸುತ್ತ ಗೌರಾಬಾಯಿ ಕೇಳಿದಳು: “ಪಂಚಮಿ ದಿನ ತಿರುವಿನ್ಯಾಗ ಹೊಳ್ಳಿ ಹೋಗಿ ಈರಣ್ಣನ ಸಾವಂತ್ರವ್ವನ ಜೋಡಿ ಮಾತಾಡಿದ್ರೆಲ್ಲ. ಅಕಿ ಏನಂದ್ಲು?”

“ಏನೂ ಇಲ್ಲ,” ಎಂದೆ.

“ಏನೂ ಇಲ್ಲದ್ದಕ್ಕ ಅಷ್ಟು ಹೊತ್ತು ನಿಂತಿದ್ರಿ.” ಇನ್ನೊಂದು ರೊಟ್ಟಿ ಹಾಕಿದಳು. ಅದು ತಾಟಿನಲ್ಲಿಯೇ ಉಳಿಯಿತು.

ಸಂಜೆ ಹುಡುಗರಿಗೆ ಕನ್ನಡ ಹೇಳಿಕೊಡುವುದನ್ನು ನಿಲ್ಲಿಸಿದ್ದೇನೆ. ಗಂಟಲು ಸರಿಯಿಲ್ಲವೆಂದು ಹೇಳಿಕಳಿಸಿದೆ.

ಶನಿವಾರ, ೨೮ ಆಗಸ್ಟ್

ನಳದ ಹತ್ತಿರ ಹೆಂಗಸರಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಅವರಿಗೆ ನಿಜ ತಿಳಿದಿದೆಯೆಂದು ಭಾವಿಸಿದೆ. ಹಾಗಲ್ಲ. ನನ್ನ ಮೇಲಿನ ಗೌರವದಿಂದ ನಿಲ್ಲಿಸಿದ್ದರು. ಒಬ್ಬಳು ಹಿಂದಿನಿಂದ ಬಂದು, “ಅಕಿ ಮಾತು ಮನಸಿಗೆ ಹಚ್ಚಿಕೋಬ್ಯಾಡ್ರಿ, ಮಾಸ್ತರ. ಮದಲಿಂದ ಅಕಿ ಬಾಯಿ ಹಂತಾದ್ದ. ದೇವ್ರಂಥಾ ಮನಿಶ್ಯಾನ ಮ್ಯಾಲ ಹೊರಸ್ತಾಳಂದ್ರ ಕಾಲು ಯಾಕ ಹೋಗೂದಿಲ್ಲ?” ಎಂದಳು.

ನಾನು ಕೊಡ ತುಂಬಿಸಿಕೊಂಡು ಬಂದೆ.

ಮಂಗಳವಾರ, ೩೧ ಆಗಸ್ಟ್

ಸಾವಂತ್ರವ್ವನನ್ನು ಈರಣ್ಣ ಮನೆಗೆ ಕರೆತಂದಿದ್ದಾನೆ. ನಾಡಿದ್ದು ಇಂಡಿ ಊರಿನ ಹತ್ತಿರ ಅವಳ ಅಣ್ಣನ ಹಳ್ಳಿಗೆ ಕೊಂಡೊಯ್ದು ಬಿಟ್ಟುಬರುತ್ತಾನಂತೆ.

ಡಾಕ್ಟರ ಅವಧೂತರು ಸೈಕಲ್ಲಿನ ಮೇಲೆ ಹಿಂದೆಯೇ ಬಂದರು. ಚೌಕದಲ್ಲಿ ನಿಂತು ಅವನಿಗೆ ಹೇಳಿದ್ದು ನನ್ನ ಕಿಟಕಿಗೆ ಕೇಳುತ್ತಿತ್ತು. ಕಾಲಿನ ಬೆರಳು ಸ್ವಲ್ಪ ಅಲುಗಿದೆ. ಶರೀರದ ಸಿಟ್ಟು ಇಳಿಯುತ್ತಿದೆ. ಎರಡು ಮೂರು ತಿಂಗಳು ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗಲು ಹೊಳ್ಳಿಸುತ್ತ, ದಿನವೂ ನಳಿಗೆ ಹಾಕಿ ಮೂತ್ರ ತೆಗೆಯುತ್ತ ನೋಡಿಕೊಂಡರೆ ಎದ್ದು ನಡೆದರೂ ನಡೆದಾಳು. ವಾಡೆಯಲ್ಲಿಯೇ ಇಟ್ಟುಕೊಂಡರೆ ನಳಿಗೆಯ ಕೆಲಸಕ್ಕೆ ದಾದಿಯನ್ನು ಕಳಿಸುತ್ತಾರಂತೆ, ತಾವೂ ಬರುತ್ತಾರಂತೆ. ಆ ರೈಲು, ಆಮೇಲೆ ಆ ಬಂಡಿಯ ಹಾದಿ, ಆ ಹಳ್ಳಿ.

“ಅಲ್ಲಿ ಒಯ್ದ್ರ ಅಕಿ ಉಳಿಯೂದಿಲ್ಲ. ನಿಮಗ ತಿಳೀಲಿ ಅಂತ ಹೇಳಾಕತ್ತೀನಿ.”

“ದೇವರು ಕೊಟ್ಟ ರೋಗ ಆಗಿದ್ರ ನಾನ ಕೂತು ಮಾಡತಿದ್ದೆ, ಸಾಹೇಬ್ರ,” ಎಂದನು ಈರಣ್ಣ. “ಮುಚ್ಚಿಟ್ಟು ರೋಗ ಬೆಳಸಿಕೊಂಡಾಕಿ, ಮ್ಯಾಲ ನಮ್ಮ ಗುರುಗಳ ಮ್ಯಾಲ ಸುಳ್ಳು ಹೊರಸ್ಯಾಳ. ಹಂತಾಕಿ ಸೇವಾ ನನ್ನ ಕೈಲೆ ಆಗೂದಿಲ್ಲ.”

ಒಳಗಿನಿಂದ ಸಾವಂತ್ರವ್ವ ಏನೋ ಅಂದಳು. “ನೀ ಬಾಯಿ ಮುಚ್ಚು,” ಎಂದನು.

ಡಾಕ್ಟರರು ಹೊರಡುವಾಗ ನನ್ನ ಕಿಟಕಿಯ ಕಡೆ ನೋಡಿದರು. ನಾನು ಪಕ್ಕಕ್ಕೆ ಸರಿದು ನಿಂತೆ. ಈ ವಯಸ್ಸಿನಲ್ಲಿ ಗೋಡೆಯ ಮರೆಗೆ ನಿಂತು ಉಸಿರು ಹಿಡಿದೆ.

ಬುಧವಾರ

ಏನನ್ನೂ ಬರೆಯಲಾರೆ.

ಗುರುವಾರ, ೨ ಸೆಪ್ಟೆಂಬರ್

ಟಾಂಗಾ ಬಂದು ವಾಡೆಯ ಮುಂದೆ ನಿಂತಿತ್ತು. ಸಾವಂತ್ರವ್ವನನ್ನು ಮೊದಲು ಒಯ್ದಿದ್ದ ಅದೇ ಬಾಗಿಲಿನ ಹಲಗೆಯ ಮೇಲೆ ಚೌಕದಲ್ಲಿ ಮಲಗಿಸಿದ್ದರು. ಕಲ್ಲವ್ವ ರೊಟ್ಟಿಯ ಗಂಟನ್ನು ಅವಳ ತಲೆಯ ಹತ್ತಿರ ಇಡುತ್ತ, “ಹಾದ್ಯಾಗ ತಿನ್ನವಾ,” ಎಂದಳು. “ಕೂಡಾಕ ಬರಲಾರದಾಕಿ ಹಾದ್ಯಾಗ ಹೆಂಗ ತಿನ್ಲಿ? ಹದ್ದು ಮರಿಗೆ ಒಗದಂಗ ಮ್ಯಾಲಿಂದ ಒಗೀತಿಯೇನು?” ಎಂದಳು ಸಾವಂತ್ರವ್ವ. ಕಲ್ಲವ್ವ ನಗಲು ಹೋಗಿ ಸೆರಗು ಬಾಯಿಗೆ ಹಿಡಿದಳು.

ನಾನು ಮೆಟ್ಟಿಲಿಳಿದು ಬಂದೆ. ರುಮಾಲು ಸುತ್ತಿರಲಿಲ್ಲ. ಬೀಳ್ಕೊಡಲು ಬಂದೆನೆಂದು ಈರಣ್ಣ ಕಾಲುಮುಟ್ಟಲು ಬಾಗಿದನು. ಅವನ ಕೈ ಹಿಡಿದೆ.

“ಮುಟ್ಟಬೇಡ. ಆಕೆ ನನಗೆ ಹೇಳಿದ್ದಳು, ಈರಣ್ಣ. ಪಂಚಮಿಯ ದಿನ, ಆ ತಿರುವಿನಲ್ಲಿ. ಕಾಲು ಜೋಮು ಹಿಡಿದಿದೆ, ಸೂಜಿ ಬೇಡ ಎಂದಳು. ನೆಪವೆಂದು ತಿಳಿದು ನಾನೇ ನಡೆಸಿದೆ. ನೆನಪಿಲ್ಲವೆಂದು ನಿನಗೆ ಹೇಳಿದ್ದು ಸುಳ್ಳು. ನೆನಪಿತ್ತು.”

ಚೌಕದಲ್ಲಿ ಹತ್ತು ಮಂದಿಯಾದರೂ ಇದ್ದರು. ನಳದ ಹತ್ತಿರ ನನ್ನನ್ನು ದೇವರೆಂದವಳೂ ಇದ್ದಳು. ಮಾತು ಮುಗಿದ ಮೇಲೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದೂ ತಿಳಿಯಲಿಲ್ಲ.

ಈರಣ್ಣ ಕಟ್ಟೆಯ ಮೇಲೆ ಕೂತನು. ನನ್ನೆದುರಿಗೆ ಅವನು ಕೂತದ್ದು ಇದೇ ಮೊದಲು.

“ಅಕಿಗೆ ಮಂದಿ ಮುಂದ ಸುಳ್ಳಿ ಅಂದೆ,” ಎಂದನು. ನನಗೆ ಹೇಳಿದನೋ ತನಗೇ ಹೇಳಿಕೊಂಡನೋ. “ದವಾಖಾನ್ಯಾಗ ಎಲ್ಲಾರೂ ಕೇಳಂಗ ಅಂದೆ. ಅಕಿ ಅಳಕೋತ ಹೇಳಿದ್ಲು, ನಾ ನಿಮ್ಮ ಮಾತು ಹಿಡದೆ.” ಆಮೇಲೆ ನನ್ನ ಮುಖ ನೋಡದೆ, “ನೀವು ಮ್ಯಾಲ ಹೋಗ್ರಿ,” ಎಂದನು.

ಹಲಗೆಯ ಮೇಲಿನಿಂದ ಸಾವಂತ್ರವ್ವ, “ಟಾಂಗಾದವನ ಕುದರಿ ನಿಂತ ನಿಂತ ಮುದಕ್ಯಾಗಲಿಕತ್ತದ. ಹೋಗೂದು ಅದನೋ, ಇಲ್ಲೋ?” ಎಂದಳು.

ನಾನು ಮೇಲೆ ಬಂದೆ. ಸ್ವಲ್ಪ ಹೊತ್ತಿಗೆ ಗಾಲಿಯ ಸಪ್ಪಳ ಕೇಳಿಸಿತು. ಕಿಟಕಿಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಗೌರಾಬಾಯಿ ಬಂದು, “ಬರೇ ಟಾಂಗಾ ಹೋತು,” ಎಂದಳು. ಆಮೇಲೆ ಹಳೆಯ ಸೀರೆಗಳನ್ನೆಲ್ಲ ತೆಗೆದು, ಮಡಿಚಿ, ಸಾವಂತ್ರವ್ವನ ಹಾಸಿಗೆಗೆಂದು ಒಯ್ದಳು.

ಸೋಮವಾರ

ಡಾಕ್ಟರ ಅವಧೂತರು ಬಂದು ನನ್ನನ್ನು ಕರೆಕಳಿಸಿದರು. ಈರಣ್ಣನ ಮನೆಯವರೆಗೆ ಹೋದೆ. ಹೊಸ್ತಿಲಿನ ಹೊರಗೆ ನಿಂತೆ. ಈರಣ್ಣ ಒಳಗಿದ್ದನು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಡಾಕ್ಟರರೇ, “ಒಳಗ ಬರ್ರಿ, ಮಾಸ್ತರ, ಬೆಳಕಿಗೆ ಅಡ್ಡ ನಿಂತೀರಿ,” ಎಂದರು.

ದವಾಖಾನೆಯಲ್ಲಿ ಒಂದು ಹೊಸ ಕಟ್ಟಳೆ ಮಾಡಿಸಬೇಕೆಂದು ಅವರ ಪ್ರಯತ್ನ. ಸೂಜಿ ಹಾಕುವ ಮುನ್ನ ಪ್ರತಿದಿನ ಕಾಲಿನ ಜೋಮನ್ನು ಕೇಳಬೇಕು, ಇದೆಯೆಂದರೆ ಅಂದೇ ನಿಲ್ಲಿಸಬೇಕು. ಅದಕ್ಕೆ ಈ ಕಥೆ ಸರಿಯಾಗಿ ಬೇಕು. ಈ ಸಲ ಅವರು ನನ್ನನ್ನು ಕೇಳಲಿಲ್ಲ. ಸಾವಂತ್ರವ್ವನ ಕಡೆ ತಿರುಗಿ, “ನೀವ ಹೇಳ್ರಿ, ತಾಯಿ,” ಎಂದರು.

“ಪಂಚಮಿ ದಿನ ಹೇಳಿದೆ,” ಎಂದಳು. “ಮರುದಿನಾನೂ ಹೇಳಿದೆ. ತೊಡಿ ಮಟ ಬಂದದ್ರಿ ಅಂತ, ಮಾಸ್ತರರ ಬೆನ್ನಿಗೆ ನಿಂತು ಹೇಳಿದೆ. ಅವರು ಹಾಜರಿ ಕೂಗಾಕತ್ತಿದ್ರು. ಹೊಳ್ಳಿ ನೋಡಲಿಲ್ಲ. ನನ್ನ ಹೆಸರು ಬಂತು, ‘ಹಾಜರ’ ಅಂದೆ.”

ಡಾಕ್ಟರರು ನನ್ನನ್ನು ನೋಡಿದರು.

ಪಂಚಮಿಯ ದಿನವನ್ನು ನಾನು ಬಲ್ಲೆ. ಮರುದಿನದ್ದು ನನ್ನಲ್ಲಿ ಇಲ್ಲ. ಎಷ್ಟು ಹುಡುಕಿದರೂ ಇಲ್ಲ. ಅವಳು ನನ್ನ ಬೆನ್ನ ಹಿಂದೆ ನಿಂತದ್ದು, ದನಿ, ಯಾವುದೂ ಇಲ್ಲ. ಇದ್ದದ್ದನ್ನು ಇಲ್ಲವೆಂದಾಗ ನಂಬಿದ್ದರು. ಈಗ ನಿಜವಾಗಿಯೂ ಇಲ್ಲದ್ದನ್ನು ಇಲ್ಲವೆನ್ನುವ ಬಾಯಿ ನನಗೆ ಉಳಿದಿಲ್ಲ.

“ನನಗೆ ನೆನಪಿಲ್ಲ,” ಎಂದೆ. “ಆಕೆ ಹೇಳುತ್ತಾಳೆ. ಆಗಿದೆ. ಹಾಗೆಯೇ ಬರೆದುಕೊಳ್ಳಿರಿ.”

ಅವರು ಬರೆದುಕೊಂಡು ಎದ್ದರು. ಈರಣ್ಣ ಅವರ ಸೈಕಲ್ಲಿನವರೆಗೆ ಹೋದನು. ಗೌರಾಬಾಯಿ, ಕಲ್ಲವ್ವ ಒಳಗೆ ಬಂದರು. ಮಗ್ಗಲು ಹೊಳ್ಳಿಸುವ ಹೊತ್ತಾಗಿತ್ತು. ಕಲ್ಲವ್ವ ಹೆಗಲು ಹಿಡಿದಳು, ಗೌರಾಬಾಯಿ ಸೊಂಟ. ಕಾಲಿನ ಕಡೆ ನಿಲ್ಲಬೇಕಾದ ಈರಣ್ಣ ಇನ್ನೂ ಬಂದಿರಲಿಲ್ಲ.

“ಬೆನ್ನು ಉರೀಲಿಕತ್ತದ, ಲಗೂನ,” ಎಂದಳು ಸಾವಂತ್ರವ್ವ.

ಅಲ್ಲಿ ನಾನಿದ್ದೆ. ಬಾಗಿ ಹಿಡಿದೆ.

ಅವಳನ್ನು ಗೋಡೆಯ ಕಡೆ ಹೊಳ್ಳಿಸಿದೆವು. ಹಿಂದೆ ನೋಡಲು ಬಾರದೆ, “ಕಾಲು ಯಾರು ಹಿಡದಾರ?” ಎಂದು ಕೇಳಿದಳು. ಮುಟ್ಟಿದ್ದು ಅವಳಿಗೆ ತಿಳಿಯುವಂತಿರಲಿಲ್ಲ. ಗೌರಾಬಾಯಿ, “ಮಾಸ್ತರರು,” ಎಂದಳು.

ಸಾವಂತ್ರವ್ವ ಗೋಡೆಗೆ ಕೈಕೊಟ್ಟು ಹೆಗಲು ಸರಿಮಾಡಿಕೊಂಡಳು.

“ಹಂಗ ಬಿಡಿಬಿಡಿ ಹಿಡೀಬ್ಯಾಡ್ರಿ, ಮಾಸ್ತರ,” ಎಂದಳು. “ಎರಡೂ ಕೂಡಿಸಿ ಹಿಡೀರಿ. ಇಲ್ಲಾಂದ್ರ ಒಂದು ಹಿಂದ ಉಳೀತದ.”

ಎರಡನ್ನೂ ಕೂಡಿಸಿ ಹಿಡಿದೆ.